ಹಿಂತಿರುಗದವರ ಲೆಕ್ಕ: ಗಣಿತಜ್ಞ ಏಬ್ರಹಾಂ ವಾಲ್ಡ್

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ, ಮಕ್ಕಳಿಗೆ ಸ್ಫೂರ್ತಿಯಾಗುವಂಥ ಮಹನೀಯರೊಬ್ಬರ ಬಗ್ಗೆ ಬರೆದುಕೊಡಬೇಕೆಂದು ಸ್ಮರಣ ಸಂಚಿಕೆ ಸಮಿತಿಯ ಹಿರಿಯರು ಫೋನ್ ಮಾಡಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ, ಅಬ್ದುಲ್ ಕಲಾಂ ಅವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಆರಿಸಿಕೊಂಡದ್ದು ಏಬ್ರಹಾಂ ವಾಲ್ಡ್ ಅವರನ್ನು. ಸಂಖ್ಯಾಶಾಸ್ತ್ರ ಓದಿದವರಿಗೆಲ್ಲ ಇದು ಪರಿಚಿತ ಹೆಸರು. ಎರಡನೇ ಮಹಾಯುದ್ಧದಲ್ಲಿ ಇವರು ಬಂದೂಕು ಹಿಡಿಯಲಿಲ್ಲ, ಕಾಗದ ಪೆನ್ಸಿಲ್ ಹಿಡಿದು ಕೆಲಸ ಮಾಡಿದರು.

ವಾಲ್ಡ್ ಹುಟ್ಟಿದ್ದು 1902ರ ಅಕ್ಟೋಬರ್ 31ರಂದು, ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿದ್ದ, ಈಗ ರುಮೇನಿಯಾ ದೇಶದಲ್ಲಿರುವ ಕ್ಲುಜ್ ಊರಿನಲ್ಲಿ. ಅವರದು ಆಚಾರವಂತ ಯಹೂದಿ ಕುಟುಂಬ. ಶನಿವಾರ ಅವರಿಗೆ ಪವಿತ್ರ ದಿನ, ಆದರೆ ಅಲ್ಲಿನ ಶಾಲೆಗಳು ಶನಿವಾರವೂ ನಡೆಯುತ್ತಿದ್ದವು. ಹಾಗಾಗಿ ಬಾಲಕ ವಾಲ್ಡ್ ಶಾಲೆಗೆ ಹೋಗಲಿಲ್ಲ. ಕಾಲೇಜು ಸೇರುವವರೆಗೂ ಮನೆಯವರೇ ಪಾಠ ಹೇಳಿದರು. ಶಾಲೆಯ ಸಂಚಿಕೆಯಲ್ಲಿ ಶಾಲೆಯ ಮೆಟ್ಟಿಲನ್ನೇ ಹತ್ತದವರ ಕಥೆಯೇ ಎಂದು ಗುರುಗಳು ನಗಬಹುದು. ಯಾಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮುಂದೆ ಅವರು ವಿಯೆನ್ನಾಕ್ಕೆ ಹೋಗಿ ಕಾರ್ಲ್ ಮೆಂಗರ್ ಎಂಬ ಗಣಿತಜ್ಞರ ಮಾರ್ಗದರ್ಶನದಲ್ಲಿ 1931ರಲ್ಲಿ ಡಾಕ್ಟರೇಟ್ ಪಡೆದರು. ಇಷ್ಟು ಪ್ರತಿಭೆ ಇದ್ದರೂ ಯಹೂದಿ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಗಲಿಲ್ಲ. ಒಬ್ಬ ಬ್ಯಾಂಕ್ ಮಾಲೀಕರಿಗೆ ಗಣಿತ ಪಾಠ ಹೇಳಿಕೊಟ್ಟು, ಅರ್ಥಶಾಸ್ತ್ರದ ಸಂಸ್ಥೆಯೊಂದರಲ್ಲಿ ದುಡಿದು ಜೀವನ ಸಾಗಿಸಿದರು. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ಆಕ್ರಮಿಸಿತು. ಅದೇ ವರ್ಷ ವಾಲ್ಡ್ ಅಮೆರಿಕಕ್ಕೆ ಹೊರಟರು. ಮನೆಯವರು ಯುರೋಪಿನಲ್ಲೇ ಉಳಿದರು.

ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಅಲ್ಲಿನ ಕಾರ್ಖಾನೆಗಳು ಹಗಲು ರಾತ್ರಿ ನಡೆದವು. 1944ರ ಒಂದೇ ವರ್ಷದಲ್ಲಿ 96 ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಆ ದೇಶ ತಯಾರಿಸಿತು. ಇಷ್ಟೊಂದು ವಿಮಾನ, ಮದ್ದುಗುಂಡು ತಯಾರಾಗುವಾಗ ಪ್ರತಿ ಹೆಜ್ಜೆಯಲ್ಲೂ ಲೆಕ್ಕದ ಪ್ರಶ್ನೆಗಳು ಎದ್ದವು. ಅವನ್ನು ಬಿಡಿಸಲು 1942ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರಜ್ಞರ ತಂಡವೊಂದು ಸಿದ್ಧವಾಯಿತು. ಅಲೆನ್ ವಾಲಿಸ್ ಅದರ ಮುಖ್ಯಸ್ಥರು. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಮಿಲ್ಟನ್ ಫ್ರೀಡ್‌ಮನ್ ಕೂಡ ಅಲ್ಲಿದ್ದರು. ವಾಲ್ಡ್ ಆ ತಂಡ ಸೇರಿದರು.

ಅಲ್ಲಿ ಅವರ ಮುಂದೆ ಬಂದ ಪ್ರಶ್ನೆಗಳಲ್ಲಿ ಒಂದು ಇದು. ಯುದ್ಧಕ್ಕೆ ಹೋದ ವಿಮಾನಗಳು ಮೈತುಂಬ ಗುಂಡಿನ ತೂತುಗಳೊಂದಿಗೆ ವಾಪಸು ಬರುತ್ತವೆ. ಇಡೀ ವಿಮಾನಕ್ಕೆ ಉಕ್ಕಿನ ಕವಚ ತೊಡಿಸಿದರೆ ಭಾರ ಹೆಚ್ಚಿ ಹಾರಾಟವೇ ಕಷ್ಟ. ಹಾಗಾದರೆ ಯಾವ ಭಾಗಕ್ಕೆ ಕವಚ ಬೇಕು? ತೂತು ಹೆಚ್ಚಿರುವ ಕಡೆ ಎಂದು ಯಾರಿಗಾದರೂ ಥಟ್ಟನೆ ಅನ್ನಿಸುತ್ತದೆ. ವಾಲ್ಡ್ ಅವರ ಲೆಕ್ಕ ಬೇರೆಯೇ ಹೇಳಿತು. ನಾವು ಎಣಿಸುತ್ತಿರುವುದು ವಾಪಸು ಬಂದ ವಿಮಾನಗಳನ್ನು ಮಾತ್ರ. ಒಂದು ಭಾಗಕ್ಕೆ ಏಟು ಬಿದ್ದೂ ವಿಮಾನ ಮನೆ ಸೇರಿದೆ ಎಂದರೆ ಆ ಭಾಗ ಏಟು ತಡೆಯುತ್ತದೆ ಎಂದರ್ಥ. ವಾಪಸು ಬಂದ ವಿಮಾನಗಳ ಎಂಜಿನ್ ಮೇಲೆ ತೂತು ಕಡಿಮೆ ಇದ್ದರೆ, ಅಲ್ಲಿ ಏಟು ತಿಂದ ವಿಮಾನಗಳು ಹಿಂತಿರುಗಲೇ ಇಲ್ಲ ಎಂದರ್ಥ.

ಈ ಮಾತನ್ನು ಬುದ್ಧಿವಂತ ಹುಡುಗನೊಬ್ಬ ಊಹಿಸಿಬಿಡಬಹುದು. ಆದರೆ ಊಹೆಯನ್ನು ಲೆಕ್ಕವಾಗಿಸಿದ್ದು ವಾಲ್ಡ್ ಅವರ ಸಾಧನೆ. ಅವರ ವರದಿಯಲ್ಲಿ ಒಂದು ಕಾಲ್ಪನಿಕ ಉದಾಹರಣೆ ಇದೆ. 400 ವಿಮಾನಗಳು ಹೋದವು, 380 ಬಂದವು. ಬಂದವುಗಳಲ್ಲಿ 320ಕ್ಕೆ ಒಂದೂ ಏಟಿಲ್ಲ, 32ಕ್ಕೆ ಒಂದು ಏಟು, 20ಕ್ಕೆ ಎರಡು, ಉಳಿದ 8ಕ್ಕೆ ಮೂರರಿಂದ ಐದು. ಕಳೆದುಹೋದ 20 ವಿಮಾನಗಳ ಬಗ್ಗೆ ಯಾವ ಮಾಹಿತಿಯೂ ಇಲ್ಲ. ಆದರೂ ಒಂದು ಏಟಿಗೆ ವಿಮಾನ ಬೀಳುವ ಸಂಭವ ಎಷ್ಟು, ಯಾವ ಭಾಗ ಹೆಚ್ಚು ದುರ್ಬಲ ಎಂದು ಬಂದವುಗಳಿಂದಲೇ ಕಂಡುಹಿಡಿಯುವ ಸೂತ್ರಗಳನ್ನು ಅವರು ಕೊಟ್ಟರು. 1943ರ ಆ ವರದಿಗಳು 1980ರಲ್ಲಿ ಮತ್ತೆ ಅಚ್ಚಾದವು.

ಅವರ ಇನ್ನೊಂದು ಕೊಡುಗೆ ಕಾರ್ಖಾನೆಗಳಿಗೆ ಸಂಬಂಧಿಸಿದ್ದು. ತಯಾರಾದ ಮದ್ದುಗುಂಡು ಸರಿಯಿದೆಯೇ ಎಂದು ನೋಡಲು ಅವುಗಳಲ್ಲಿ ಇಷ್ಟನ್ನು ಸಿಡಿಸಿ ನೋಡಬೇಕು ಎಂದು ಮೊದಲೇ ನಿಗದಿ ಮಾಡುತ್ತಿದ್ದರು. ಪರೀಕ್ಷಿಸಿದ್ದೆಲ್ಲ ನಷ್ಟವೇ. ಆದರೆ ಅನ್ನ ಬೆಂದಿದೆಯೇ ಎಂದು ನಮ್ಮ ತಾಯಂದಿರು ಹೇಗೆ ನೋಡುತ್ತಾರೆ? ಒಂದು ಅಗುಳು ಹಿಸುಕುತ್ತಾರೆ. ಸ್ಪಷ್ಟವಾಗಿ ಬೆಂದಿದ್ದರೆ ಇಳಿಸುತ್ತಾರೆ, ಹಸಿ ಇದ್ದರೆ ಮುಚ್ಚಳ ಹಾಕುತ್ತಾರೆ, ಅನುಮಾನವಾದರೆ ಇನ್ನೊಂದು ಅಗುಳು ನೋಡುತ್ತಾರೆ. ಹೀಗೆ ಒಂದೊಂದಾಗಿ ನೋಡುತ್ತ, ಸಾಕು ಎನ್ನುವಷ್ಟು ಖಾತ್ರಿಯಾದ ಕೂಡಲೇ ನಿಲ್ಲಿಸುವ ಕ್ರಮಕ್ಕೆ ವಾಲ್ಡ್ 1943ರಲ್ಲಿ ಗಣಿತದ ಬುನಾದಿ ಹಾಕಿದರು. ಇದರಿಂದ ಎಷ್ಟೋ ಸಲ ಅರ್ಧದಷ್ಟು ಪರೀಕ್ಷೆಯಲ್ಲೇ ತೀರ್ಮಾನ ಸಿಗುತ್ತಿತ್ತು. 1945ರವರೆಗೆ ಈ ವಿಧಾನವನ್ನು ಗುಟ್ಟಾಗಿಟ್ಟಿದ್ದರು. ಆ್ಯಪ್‌ನ ಎರಡು ಬಗೆಯ ಪುಟಗಳಲ್ಲಿ ಯಾವುದು ಒಳ್ಳೆಯದು ಎಂದು ನಮ್ಮಂಥ ಸಾಫ್ಟ್‌ವೇರ್‌ನವರು ಪರೀಕ್ಷಿಸುವಾಗ ಇವತ್ತಿಗೂ ಅದೇ ಗಣಿತ ಬಳಕೆಯಾಗುತ್ತದೆ.

ಯುದ್ಧ ಮುಗಿಯುವಷ್ಟರಲ್ಲಿ ಅವರ ಮನೆಯವರೇ ಹಿಂತಿರುಗದವರ ಪಟ್ಟಿ ಸೇರಿದ್ದರು. ನಾಜಿಗಳು ನಡೆಸಿದ ನರಮೇಧದಲ್ಲಿ ತಂದೆ ತಾಯಿ, ಒಡಹುಟ್ಟಿದವರು ಬಲಿಯಾದರು. ಹತ್ತಿರದ ಕುಟುಂಬದಲ್ಲಿ ಬದುಕುಳಿದದ್ದು ಒಬ್ಬ ಸಹೋದರ ಮಾತ್ರ.

1950ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ವಾಲ್ಡ್ ಪತ್ನಿಯೊಂದಿಗೆ ಉಪನ್ಯಾಸ ಪ್ರವಾಸಕ್ಕೆ ಬಂದರು. ಡಿಸೆಂಬರ್ 13ರಂದು ಮುಂಬಯಿಯಿಂದ ಕೊಯಮತ್ತೂರಿಗೆ ಹೊರಟಿದ್ದ ಅವರ ವಿಮಾನ ನೀಲಗಿರಿಯ ಕೋಟಗಿರಿ ಬಳಿ ಬೆಟ್ಟಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 21 ಜನರಲ್ಲಿ ಯಾರೂ ಉಳಿಯಲಿಲ್ಲ. ವಾಲ್ಡ್ ಅವರಿಗೆ ಆಗ 48 ವರ್ಷ. ಇಬ್ಬರು ಪುಟ್ಟ ಮಕ್ಕಳು ಅನಾಥರಾದರು. ಮಗ ರಾಬರ್ಟ್ ವಾಲ್ಡ್ ಮುಂದೆ ಹೆಸರಾಂತ ಭೌತವಿಜ್ಞಾನಿಯಾದರು. ಎಂಟನೇ ತರಗತಿಯಲ್ಲಿ ನಾವು ಶಾಲಾ ಪ್ರವಾಸಕ್ಕೆ ಮೈಸೂರು, ಊಟಿಗೆ ಹೋಗಿದ್ದೆವು. ಅದೇ ನೀಲಗಿರಿಯ ಮಂಜಿನಲ್ಲಿ ಹಾಡು ಹೇಳುತ್ತ ಓಡಾಡಿದಾಗ ನನಗೆ ಇದೇನೂ ಗೊತ್ತಿರಲಿಲ್ಲ.

ವಾಲ್ಡ್ ಅವರ ಪಾಠ ನನಗೆ ತಟ್ಟಿದ್ದು ಕೆಲಸಕ್ಕೆ ಸೇರಿದ ಮೇಲೆ. ಒಮ್ಮೆ ನಾವು ಮಾಡಿದ ಆ್ಯಪ್‌ನಲ್ಲಿ ದೂರುಗಳೇ ಬರುತ್ತಿಲ್ಲ ಎಂದು ಸಂತೋಷಪಟ್ಟಿದ್ದೆವು. ಆಮೇಲೆ ತಿಳಿಯಿತು, ಹಳೆಯ ಫೋನ್‌ಗಳಲ್ಲಿ ಅದು ತೆರೆದುಕೊಳ್ಳುತ್ತಲೇ ಇರಲಿಲ್ಲ. ಒಳಗೆ ಬರಲಾಗದವರು ದೂರು ಕೊಡುವುದಾದರೂ ಎಲ್ಲಿಂದ?

ಈ ಸಂಚಿಕೆಗೆ ಸಾಧಕ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುತ್ತಿದ್ದೇವೆ ಎಂದು ಸಮಿತಿಯವರು ಹೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ಬೆಂಚಿನ ಗೆಳೆಯ. ಗಣಿತದಲ್ಲಿ ನನಗಿಂತ ಮುಂದಿದ್ದ. ಬೀಜಗಣಿತದ ಲೆಕ್ಕಗಳನ್ನು ನನಗೆ ಹೇಳಿಕೊಟ್ಟವನೇ ಅವನು. ಒಂಬತ್ತನೇ ತರಗತಿಯ ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಹಾಜರಿ ಕೂಗುವಾಗ ಕೆಲವು ದಿನ ಅವನ ಹೆಸರು ಬಂತು, ಆಮೇಲೆ ಅದೂ ನಿಂತಿತು. ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ. ಅವನ ಊರು ಮೂರೇ ಮೈಲಿ ದೂರದಲ್ಲಿತ್ತು, ಸೈಕಲ್ಲೂ ಇತ್ತು. ಆದರೂ ಹೋಗಿ ನೋಡಲಿಲ್ಲ.

ನಮ್ಮಂಥವರ ಹೆಸರು, ಫೋಟೋ ನೋಡಿ ಶಾಲೆಯ ಬಗ್ಗೆ ಹೆಮ್ಮೆ ಪಡುವುದು ಸರಿಯೇ. ಆದರೆ ನಾವು ವಾಪಸು ಬಂದ ವಿಮಾನಗಳು. ಶಾಲೆ ಎಲ್ಲಿ ಗಟ್ಟಿಯಾಗಿದೆ ಎಂಬುದನ್ನಷ್ಟೇ ನಾವು ತೋರಿಸಬಲ್ಲೆವು. ಕವಚ ಎಲ್ಲಿ ಬೇಕೆಂದು ತಿಳಿಯಬೇಕಾದರೆ ಅರ್ಧಕ್ಕೆ ಬಿಟ್ಟವರ ಲೆಕ್ಕ ಬೇಕು. ಅದಕ್ಕೇ, ಮನೆಯಲ್ಲೇ ಓದಿ ಮೇಲೆ ಬಂದ ವಾಲ್ಡ್ ಅವರನ್ನು ಇಲ್ಲಿ ನೆನೆದೆ. ಶಾಲೆಗೆ ಬಾರದ ಪ್ರತಿಯೊಬ್ಬರಿಗೂ ಮನೆಯಲ್ಲಿ ಅಂಥ ಗುರುಗಳು ಇರುವುದಿಲ್ಲ.

ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ಐವತ್ತು ವರ್ಷಗಳ ದಾಖಲಾತಿ ಪುಸ್ತಕಗಳು ಶಾಲೆಯ ಬೀರುವಿನಲ್ಲಿ ಇವೆಯಲ್ಲ, ಹತ್ತನೇ ತರಗತಿ ಮುಗಿಸದೆ ಹೋದವರ ಹೆಸರುಗಳನ್ನು ಅವುಗಳಿಂದ ಬರೆದು ತೆಗೆಯುವ ಕೆಲಸವನ್ನು ನನಗೆ ಕೊಡಿ. ರಜೆ ಹಾಕಿ ಬಂದು ಕುಳಿತು ಮಾಡುತ್ತೇನೆ. ಮೊದಲು ಹುಡುಕಿಕೊಂಡು ಹೋಗಬೇಕಾದ ಮನೆ ಯಾವುದೆಂದು ನನಗೆ ಗೊತ್ತಿದೆ.

(ಲೇಖಕರು 2005ರ ಎಸ್ಸೆಸ್ಸೆಲ್ಸಿ ತಂಡದ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)