ಬಾಬಾಸಾಹೇಬರ ಕಾಲುನೋವು



ಮೂರು ವರ್ಷದಿಂದ ನನಗೆ ಸೊಂಟನೋವು. ಡಾಕ್ಟರು ಬರೆದುಕೊಟ್ಟ ಟ್ರಮಡಾಲ್ ಮಾತ್ರೆ ಈಗ ನೋವಿಲ್ಲದ ರಾತ್ರಿಯೂ ಬೇಕೆನಿಸುತ್ತದೆ. ವಂದನೆಯಲ್ಲಿ ಐದನೆಯ ಶೀಲ ಬಂದಾಗ ನನ್ನ ದನಿ ತಗ್ಗುತ್ತದೆ.

ಬಾಬಾಸಾಹೇಬರು ನೆನಪಾಗುತ್ತಾರೆ. ಸಂವಿಧಾನದ ಕೆಲಸ ನಡೆಯುತ್ತಿದ್ದ ದಿನಗಳಲ್ಲೇ ಸಕ್ಕರೆ ಕಾಯಿಲೆಯ ಜೊತೆ ಕಾಲಿನ ನರನೋವು ಅವರನ್ನು ಹಿಡಿದಿತ್ತು. ರಾತ್ರಿ ನಿದ್ದೆಯಿಲ್ಲ. ಗೋಡೆಯ ಮೇಲಿನ ನೀಲಿ ಕೋಟಿನ ಪಟದಲ್ಲಿ ಇದೆಲ್ಲಿ ಕಾಣುತ್ತದೆ! ಇನ್ಸುಲಿನ್ ತೆಗೆದುಕೊಂಡರು, ಪಥ್ಯ ಮಾಡಿದರು. 1948ರ ಏಪ್ರಿಲ್ 15ರಂದು ಡಾ. ಶಾರದಾ ಕಬೀರರನ್ನು ಮದುವೆಯಾದರು. ಆಮೇಲೆ ಅವರ ಮದ್ದು, ಊಟ ನೋಡಿಕೊಂಡವರು ಆ ಮಾಯಿಸಾಹೇಬರೇ. ಆದರೂ ನೋವು ಹೋಗಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೋಲು ಹಿಡಿದು ಬಂದು ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟರು. ಡಿಸೆಂಬರ್ 5ರ ರಾತ್ರಿಯೂ 'ಬುದ್ಧ ಮತ್ತು ಆತನ ಧಮ್ಮ'ದ ಮುನ್ನುಡಿ ನೋಡಲು ತರಿಸಿಕೊಂಡಿದ್ದರು. ಬೆಳಗಾಗುವಷ್ಟರಲ್ಲಿ ಇರಲಿಲ್ಲ.

ಅವರ ಮದ್ದು ಇನ್ನೊಬ್ಬರ ಕಣ್ಣೆದುರು ಇತ್ತು. ನನ್ನದು ದಿಂಬಿನಡಿ, ಹೆಂಡತಿಗೂ ಲೆಕ್ಕ ಗೊತ್ತಿರಲಿಲ್ಲ. ನಿನ್ನೆ ಪೊಟ್ಟಣ ಅವಳ ಕೈಗೆ ಕೊಟ್ಟೆ. ಇದನ್ನು ಒಮ್ಮೆಲೇ ಬಿಡಬಾರದು. ಗುರುವಾರ ಇಬ್ಬರೂ ಡಾಕ್ಟರ ಬಳಿ ಹೋಗುತ್ತಿದ್ದೇವೆ, ಸ್ವಲ್ಪಸ್ವಲ್ಪವಾಗಿ ಇಳಿಸುವುದು ಹೇಗೆಂದು ಕೇಳಲು.