ತೆರೆದ ಬಾಗಿಲ ಪ್ರಾರ್ಥನೆ: ಪಂಡಿತಾ ರಮಾಬಾಯಿ

ಶಾಲೆಯ ದಿನವು ಪ್ರಾರ್ಥನೆಯಿಂದ ಆರಂಭವಾಗುವುದು ನಮ್ಮ ನಾಡಿನ ಹಳೆಯ ಪದ್ಧತಿ. ನೂರು ವರ್ಷ ತುಂಬಿದ ಈ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಕೈಮುಗಿದ ಮಕ್ಕಳಲ್ಲಿ ಹಲವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಪ್ರತಿದಿನ ಮಾಡುವ ಪ್ರಾರ್ಥನೆ ಮನುಷ್ಯನ ಬದುಕಿನಲ್ಲಿ ಹೇಗೆ ಬೇರೂರುತ್ತದೆ, ಅದಕ್ಕಾಗಿ ಆತ ಏನನ್ನು ತೆರಬೇಕಾಗುತ್ತದೆ ಎಂಬುದನ್ನು ಅರಿಯಲು ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬ ಕ್ರೈಸ್ತ ಮಹಿಳೆಯ ಜೀವನವನ್ನು ಈ ಸಂಚಿಕೆಯಲ್ಲಿ ನೆನೆಯಲು ನಾವು ಬಯಸುತ್ತೇವೆ. ಆಕೆಯೇ ಪಂಡಿತಾ ರಮಾಬಾಯಿ.

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗರೆ ಅವರು ಸಂಸ್ಕೃತದಲ್ಲಿ ಘನ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಬೇಕೆಂದು ಹಟ ತೊಟ್ಟು, ಬಂಧುಬಳಗದ ವಿರೋಧವನ್ನು ಕಟ್ಟಿಕೊಂಡು, ಕಾಡಿನ ನಡುವೆ ಮನೆ ಮಾಡಿದವರು ಅವರು. ಹಾಗೆ ಕಲಿತ ತಾಯಿ ಲಕ್ಷ್ಮೀಬಾಯಿ ಮಗಳಿಗೆ ಗುರುವಾದರು. ಮಗು ಆರು ತಿಂಗಳಿನದಾಗಿದ್ದಾಗಲೇ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಮಗುವನ್ನು ಘಟ್ಟ ಇಳಿಸಿದರು.

ಅಂದಿನಿಂದ ದೇವಸ್ಥಾನಗಳೇ ಬಿಡಾರ, ಪುರಾಣಪಠಣವೇ ಜೀವನೋಪಾಯ. ಹಗಲೆಲ್ಲ ಮನೆಗೆಲಸವಿದ್ದುದರಿಂದ ತಾಯಿಗೆ ದೊರೆಯುತ್ತಿದ್ದ ಬಿಡುವು ಬೆಳಗಿನ ಜಾವ ಮಾತ್ರ. ನಿದ್ದೆಗಣ್ಣಿನ ಮಗಳನ್ನು ಮುದ್ದಿನ ಮಾತುಗಳಿಂದ ಎಬ್ಬಿಸಿ, ಹಕ್ಕಿಗಳು ಉಲಿಯತೊಡಗುವ ವೇಳೆಯಲ್ಲಿ ಬಾಯಿಪಾಠ ಹೇಳಿಕೊಡುತ್ತಿದ್ದರು. ಪುಸ್ತಕವಿರಲಿಲ್ಲ, ತಾಯಿಯ ತುಟಿಯೇ ಪುಸ್ತಕ. ಭಾಗವತದ ಸಾವಿರಾರು ಶ್ಲೋಕಗಳು ಬಾಲಕಿಗೆ ಕಂಠಸ್ಥವಾದುದು ಹೀಗೆ. ಮುಂದೆ ರಮಾಬಾಯಿಯವರ ಶ್ರದ್ಧೆ ಬದಲಾಯಿತು, ದೇಶ ಬದಲಾಯಿತು, ಉಡುಪು ಬದಲಾಯಿತು. ಆದರೆ ಲೋಕದ ಕೆಲಸಕ್ಕೆ ಮುನ್ನ ಬೆಳಗಿನ ಹೊತ್ತನ್ನು ಮೀಸಲಿಡಬೇಕೆಂಬ ಶಿಸ್ತನ್ನು ಆಕೆಗೆ ಕೊಟ್ಟವರು ಹಿಂದೂ ತಾಯಿ ಎಂಬುದನ್ನು ನಾವು ಮರೆಯಲಾಗದು.

1870ರ ದಶಕದಲ್ಲಿ ಮದರಾಸು ಪ್ರಾಂತ್ಯವನ್ನು ಬರ ಮತ್ತೆ ಮತ್ತೆ ಕಾಡಿತು. ನಮ್ಮ ಸೀಮೆಯ ಹಿರಿಯರು ಧಾತು ಈಶ್ವರ ಬರ ಎಂದು ಕರೆಯುತ್ತಿದ್ದ ಮಹಾಕ್ಷಾಮವೂ ಆ ದಶಕದ್ದೇ. ಕೈಯಲ್ಲಿದ್ದುದೆಲ್ಲ ತೀರಿ, ಉಪವಾಸ ಬಿದ್ದು, ರಮಾಬಾಯಿಯವರ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಕಣ್ಮುಚ್ಚಿದರು. ಉಳಿದವರು ಹದಿನಾರರ ಹರೆಯದ ಆಕೆ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಬರಿಗಾಲಿನಲ್ಲಿ ಉತ್ತರದತ್ತ ನಡೆದರು. ಇಷ್ಟು ವ್ರತ, ಇಷ್ಟು ಪಾರಾಯಣ ಮಾಡಿಯೂ ದೇವರು ಒಲಿಯಲಿಲ್ಲವೇಕೆ ಎಂಬ ಪ್ರಶ್ನೆ ಅವರನ್ನು ಹಿಂಬಾಲಿಸಿತು. ಕ್ರಮೇಣ ನಂಬಿಕೆಯೇ ಸಡಿಲಿತು. ಪ್ರಾರ್ಥನೆಯ ಅಭ್ಯಾಸ ಎಂದೂ ಕಡಿಯದ ಹೊಳೆಯೆಂದು ಭಾವಿಸುವವರು ಈ ವರ್ಷಗಳನ್ನು ಗಮನಿಸಬೇಕು. ಆಕೆಯ ಬದುಕಿನಲ್ಲಿ ಆ ಹೊಳೆ ಕೆಲಕಾಲ ಬತ್ತಿತ್ತು.

1878ರಲ್ಲಿ ಅಣ್ಣತಂಗಿಯರು ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ರಮಾಬಾಯಿಯವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. ಕ್ರೈಸ್ತರ ಪ್ರಾರ್ಥನೆಯನ್ನು ಅವರು ಮೊದಲು ಕಂಡದ್ದು ಅದೇ ನಗರದ ಒಂದು ಕೂಟದಲ್ಲಿ. ನೆರೆದವರೆಲ್ಲ ತಾವು ಕುಳಿತಿದ್ದ ಕುರ್ಚಿಗಳಿಗೆ ಅಭಿಮುಖವಾಗಿ ಮೊಣಕಾಲೂರಿದಾಗ, ಇವರು ಕುರ್ಚಿಗಳನ್ನೇ ಪೂಜಿಸುತ್ತಿದ್ದಾರೆಂದು ಅಣ್ಣತಂಗಿಯರು ಬಗೆದರಂತೆ. ಒಬ್ಬರ ಪ್ರಾರ್ಥನೆ ಇನ್ನೊಬ್ಬರಿಗೆ ಎಷ್ಟು ಅಪರಿಚಿತವಾಗಿ ಕಾಣಬಹುದೆಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಡ.

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಜಾತಿಯ ಕಟ್ಟು ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ವರಿಸಿದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಆರಂಭದಲ್ಲಿ ಪತಿ ಕಾಲರಾಕ್ಕೆ ಬಲಿಯಾದರು. ಇಪ್ಪತ್ತಮೂರರ ವಿಧವೆ ಕೂಸನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. 1883ರಲ್ಲಿ ವೈದ್ಯಶಿಕ್ಷಣದ ಆಸೆಯಿಂದ ಇಂಗ್ಲೆಂಡಿಗೆ ತೆರಳಿದರು. ಕಿವಿ ಮಂದವಾದುದರಿಂದ ಆ ಆಸೆ ಕೈಗೂಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು.

ದೀಕ್ಷಾಸ್ನಾನದಿಂದಲೇ ಮನಸ್ಸಿಗೆ ನೆಮ್ಮದಿ ದೊರೆಯಿತೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ಬುದ್ಧಿ ಒಪ್ಪಿತ್ತು, ಹೃದಯ ಇನ್ನೂ ಹುಡುಕುತ್ತಿತ್ತು. ಆ ಹುಡುಕಾಟ ಸುಮಾರು ಎಂಟು ವರ್ಷ ನಡೆದು, 1891ರ ಹೊತ್ತಿಗೆ ಒಳಗಿನ ಶಾಂತಿ ಒದಗಿತು. ಪ್ರತಿದಿನ ಪ್ರಾರ್ಥಿಸಲು ತೊಡಗಿ, ಹತ್ತೇ ದಿನಕ್ಕೆ ಮನಸ್ಸು ನಿಲ್ಲದೆಂದು ಕೈಬಿಡುವವರಿಗೆ ಈ ಎಂಟು ವರ್ಷಗಳ ಲೆಕ್ಕ ಧೈರ್ಯ ಕೊಡಬಲ್ಲದು. ಭಾವ ಬರಲೆಂದು ಕಾಯ್ದರೆ ಅಭ್ಯಾಸ ಹುಟ್ಟುವುದಿಲ್ಲ. ಹೊತ್ತನ್ನೂ ಜಾಗವನ್ನೂ ಗೊತ್ತುಮಾಡಿಕೊಂಡು ಕುಳಿತವರಲ್ಲಿ ಭಾವ ತನ್ನ ಕಾಲಕ್ಕೆ ಬರುತ್ತದೆ.

ಈ ನಡುವೆ ಅಮೆರಿಕದ ಸ್ನೇಹಿತರ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆಯನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರವಾಯಿತು. ಅಲ್ಲಿ ಧರ್ಮಬೋಧನೆ ಮಾಡುವುದಿಲ್ಲ, ಹುಡುಗಿಯರು ತಮ್ಮ ತಮ್ಮ ಆಚಾರದಂತೆ ನಡೆಯಬಹುದು ಎಂಬುದು ಅವರು ಕೊಟ್ಟ ಮಾತು. ನ್ಯಾಯಮೂರ್ತಿ ರಾನಡೆ, ಡಾ. ಭಂಡಾರ್ಕರ್ ಅವರಂಥ ಹಿರಿಯರು ಸಲಹಾ ಮಂಡಳಿಯಲ್ಲಿದ್ದರು.

ರಮಾಬಾಯಿ ಪ್ರತಿದಿನ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದರು. ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳತೊಡಗಿದರು. ಸುದ್ದಿ ಹಬ್ಬಿತು, ಪತ್ರಿಕೆಗಳು ಖಂಡಿಸಿದವು, 1893ರಲ್ಲಿ ಸಲಹಾ ಮಂಡಳಿಯವರು ರಾಜೀನಾಮೆ ಕೊಟ್ಟರು, ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ಪೋಷಕರ ಆತಂಕವನ್ನು ಹಗುರಾಗಿ ಕಾಣುವುದು ನ್ಯಾಯವಲ್ಲ. ಗುರುವನ್ನು ಪ್ರೀತಿಸುವ ಮಗು ಗುರು ಮಾಡಿದ್ದನ್ನೆಲ್ಲ ಮಾಡಬಯಸುತ್ತದೆ. ಮಾತಿನಿಂದ ಬೋಧಿಸದೆಯೂ ನಡತೆಯಿಂದ ಬೋಧಿಸಿದಂತಾಗುತ್ತದೆ. ಆಕೆಯ ನಿಲುವೂ ಸ್ಪಷ್ಟವಾಗಿತ್ತು: ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ತಡೆಯುವುದಿಲ್ಲ, ತನ್ನ ಪ್ರಾರ್ಥನೆಯನ್ನು ಕಳ್ಳತನದಂತೆ ಬಚ್ಚಿಡುವುದಿಲ್ಲ. ಬಾಗಿಲು ಮುಚ್ಚಿದ್ದರೆ ಶಾಲೆ ನಿರಾತಂಕವಾಗಿ ನಡೆಯುತ್ತಿತ್ತೇನೋ. ತಾವು ಕಟ್ಟಿದ ಸಂಸ್ಥೆ ಅರ್ಧ ಬರಿದಾಗುವುದನ್ನು ಕಂಡೂ ಆಕೆ ಮುಚ್ಚಲಿಲ್ಲ.

1896ರಲ್ಲಿ ಮಧ್ಯಪ್ರಾಂತ್ಯಕ್ಕೆ ಬರ ಬಂದಾಗ ರಮಾಬಾಯಿಯವರಿಗೆ ತಮ್ಮ ಬಾಲ್ಯದ ಹಸಿವು ನೆನಪಾಯಿತು. ತಾವೇ ಹೋಗಿ ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವ್‌ನಲ್ಲಿ ಕೊಂಡಿದ್ದ ನೂರು ಎಕರೆ ನೆಲದಲ್ಲಿ ನೆಲೆ ಕಲ್ಪಿಸಿದರು. ಅದೇ ಮುಕ್ತಿ. 1900ರ ಗುಜರಾತಿನ ಬರದ ಬಳಿಕ ಅಲ್ಲಿಯ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಏರಿತು. ಈ ಸಂಸ್ಥೆ ಮೊದಲಿನಿಂದಲೇ ಬಹಿರಂಗವಾಗಿ ಕ್ರೈಸ್ತವಾಗಿತ್ತು. ಬೇಸಾಯ, ನೇಯ್ಗೆ, ಹೈನುಗಾರಿಕೆ, ಎಣ್ಣೆಗಾಣ, ಅಚ್ಚುಕೂಟ, ಅಂಧರಿಗೆ ಬ್ರೈಲ್ ಶಾಲೆ ಎಲ್ಲವೂ ಅಲ್ಲಿದ್ದವು. ದುಡಿಮೆಯೂ ಪ್ರಾರ್ಥನೆಯೂ ಒಂದೇ ದಿನಚರಿಯ ಎರಡು ಎಳೆಗಳಾಗಿದ್ದವು.

1905ರ ಜನವರಿಯಲ್ಲಿ, ಪ್ರತಿದಿನ ಬೆಳಿಗ್ಗೆ ಕೂಡಿ ಪ್ರಾರ್ಥಿಸಲು ಇಚ್ಛೆಯುಳ್ಳವರು ಬರಬಹುದೆಂದು ರಮಾಬಾಯಿ ತಿಳಿಸಿದರು. ಸುಮಾರು ಎಪ್ಪತ್ತು ಮಂದಿ ಮುಂದೆ ಬಂದರು. ಜೂನ್ ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಬಾರಿ ಕೂಡುವವರ ಸಂಖ್ಯೆ ಐನೂರೈವತ್ತಾಗಿತ್ತು. ಆ ವರ್ಷ ಅಲ್ಲಿ ಕಂಡ ಭಕ್ತಿಯ ಆವೇಶದ ಸುದ್ದಿ ಲೋಕದ ಹಲವೆಡೆ ಹರಡಿತು. ನಮಗೆ ಹಿರಿದಾಗಿ ಕಾಣುವುದು ಆವೇಶಕ್ಕಿಂತ ಅದಕ್ಕೆ ಹಿಂದಿನ ತಿಂಗಳುಗಳು: ಸದ್ದಿಲ್ಲದೆ, ತಪ್ಪದೆ, ಅದೇ ಹೊತ್ತಿಗೆ ಎದ್ದು ಬಂದ ಆ ಎಪ್ಪತ್ತು ಮಂದಿಯ ಬೆಳಗುಗಳು.

ಅಕ್ಷರ ಅಷ್ಟಾಗಿ ಬಾರದ ಹೆಂಗಸರೂ ತಮ್ಮ ಮನೆಮಾತಿನಲ್ಲಿ ಓದಿ ಪ್ರಾರ್ಥಿಸುವಂತಾಗಬೇಕೆಂದು ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು, ತಿಳಿಯಾದ ಮರಾಠಿಗೆ ಇಡೀ ಬೈಬಲನ್ನು ಅನುವಾದಿಸಿದರು. ವರ್ಷಗಟ್ಟಲೆ ನಡೆದ ಈ ಕೆಲಸಕ್ಕೆ ಅಚ್ಚುಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. ಇತ್ತ ಮನೋರಮಾ ತಾಯಿಯ ಬಲಗೈಯಾಗಿ, ನಿಜಾಮರ ಸಂಸ್ಥಾನದ ಗುಲ್ಬರ್ಗಾದಲ್ಲಿ, ಇಂದಿನ ಕಲಬುರಗಿಯಲ್ಲಿ, ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆಯಲು ನೆರವಾದರು. ಕನ್ನಡ ನೆಲದ ಋಣ ಹೀಗೆ ಮಗಳ ಮೂಲಕ ಸಂದಿತು.

1921ರ ಜುಲೈಯಲ್ಲಿ ಮನೋರಮಾ ನಾಲ್ವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಆ ಪುಟ್ಟ ಕೋಣೆಯಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಪ್ರಾರ್ಥಿಸಿದ ಒಬ್ಬಳೇ ಮಗಳು ಆಕೆ. ಹರೆಯದಲ್ಲಿ ಸಾವುಗಳು ರಮಾಬಾಯಿಯವರ ನಂಬಿಕೆಯನ್ನು ಕಿತ್ತುಕೊಂಡಿದ್ದವು; ಮುಪ್ಪಿನಲ್ಲಿ ಎರಗಿದ ಈ ಸಾವಿಗೆ ಅದು ಅಲುಗಲಿಲ್ಲ. ಬೈಬಲಿನ ಕೆಲಸವನ್ನು ಮುಂದುವರಿಸಿ, 1922ರ ಏಪ್ರಿಲ್ 5ರಂದು ನಿದ್ದೆಯಲ್ಲೇ ಕಣ್ಮುಚ್ಚಿದರು. ಬೈಬಲ್ 1924ರಲ್ಲಿ ಹೊರಬಂದಿತು.

ನಮ್ಮ ಶಾಲೆಗೆ ಹಲವು ಮನೆಗಳ, ಹಲವು ನಂಬಿಕೆಗಳ ಮಕ್ಕಳು ಬರುತ್ತಾರೆ. ಮನೆಯಲ್ಲಿ ಕನ್ನಡವಾಡುವವರೂ ತೆಲುಗಾಡುವವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಯಾವ ಮಗುವಿಗೂ ಅದರ ಮನೆಯದಲ್ಲದ ಪ್ರಾರ್ಥನೆಯನ್ನು ಹೇರುವ ಅಧಿಕಾರ ಶಾಲೆಗಿಲ್ಲ. ಪೋಷಕರ ನಂಬುಗೆಯೇ ಶಾಲೆಯ ಅಡಿಗಲ್ಲು. ಮನೆಯ ಮಾತು ಬೇರೆ. ಅಲ್ಲಿ ನಿಯಮಿತವಾದ ಪ್ರಾರ್ಥನೆಯನ್ನು ರೂಢಿಸಬಯಸುವ ತಂದೆತಾಯಂದಿರಿಗೆ, ಅವರು ಕ್ರೈಸ್ತರಿರಲಿ ಅನ್ಯರಿರಲಿ, ಈ ಜೀವನದಲ್ಲಿ ಕಲಿಯಬೇಕಾದುದು ಉಂಟು. ಹೊತ್ತು ಚಿಕ್ಕದಾದರೂ ಗೊತ್ತಾದುದಿರಲಿ, ಮಾತು ಮನೆಮಾತಾಗಿರಲಿ, ಪ್ರಾರ್ಥಿಸಿ ಎದ್ದ ಕೈ ಕೆಲಸಕ್ಕೆ ಹೋಗಲಿ. ಮಕ್ಕಳನ್ನು ಗದರಿಸಿ ಕೂರಿಸುವುದಕ್ಕಿಂತ ಹಿರಿಯರು ತಾವು ದಿನವೂ ಕೂರುವುದು ಮೇಲು. ಬಾಗಿಲು ತೆರೆದಿರಲಿ, ಬರುವುದು ಬಿಡುವುದು ಮಗುವಿನ ಮನಸ್ಸಿಗೆ ಸೇರಿದ್ದು.