ರಾಗಿಯ ತೆನೆಯನ್ನು ಆರಿಸಿದ ಪಂಡಿತರು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗಳಲ್ಲಿ ಮಳೆಯನ್ನೇ ನೆಚ್ಚಿ ರಾಗಿ ಬಿತ್ತುವ ಪ್ರಿಯ ವಾಚಕರಿಗೆ ಡಾಕ್ಟರ್ ಲೆಸ್ಲಿ ಕೋಲ್ಮನ್ ಎಂಬವರ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಸುತ್ತೇವೆ.

ಇವರು 1878ರಲ್ಲಿ ಕೆನಡಾ ದೇಶದಲ್ಲಿ ಹುಟ್ಟಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಬೆಳೆಗಳಿಗೆ ತಗಲುವ ರೋಗಗಳನ್ನೂ ಹುಳುಗಳನ್ನೂ ಪರೀಕ್ಷಿಸುವ ಕೆಲಸವನ್ನು ಕೈಕೊಂಡರು. ಮಲೆನಾಡಿನ ಅಡಿಕೆಯನ್ನು ಕೆಡಿಸುತ್ತಿದ್ದ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ, ನೀರುಗಳ ಮಿಶ್ರಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು.

1913ರಲ್ಲಿ ವ್ಯವಸಾಯ ಇಲಾಖೆಯ ಡೈರೆಕ್ಟರಾದ ಇವರು ಬಡವರ ಆಹಾರವಾದ ರಾಗಿಯನ್ನೂ ಅಲಕ್ಷ್ಯ ಮಾಡಲಿಲ್ಲ. ನಾಟಿ ರಾಗಿಯ ಹೊಲದಲ್ಲಿ ಅನೇಕ ಬಗೆಗಳು ಬೆರೆತಿರುತ್ತವೆ. ಒಳ್ಳೆಯ ತೆನೆಗಳನ್ನು ಆರಿಸಿ, ಒಂದೊಂದರ ಬೀಜವನ್ನೂ ಬೇರೆಬೇರೆಯಾಗಿ ಬಿತ್ತಿ, ಬಂದ ಫಲವನ್ನು ತೂಗಿ, ಉತ್ತಮವಾದುದನ್ನು ಉಳಿಸಿಕೊಳ್ಳುವುದೇ ತಳಿಯನ್ನು ಶುದ್ಧಮಾಡುವ ಮಾರ್ಗ. ರಾಗಿಯ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳುಕಟ್ಟುವುದರಿಂದ, ಆರಿಸಿದ ಗುಣವು ಪೀಳಿಗೆಯಿಂದ ಪೀಳಿಗೆಗೆ ನಿಲ್ಲುತ್ತದೆ. ಈ ಪ್ರಯತ್ನದ ಫಲವಾಗಿ 1918ರಲ್ಲಿ ಎಚ್ 22 ಎಂಬ ತಳಿಯು ರೈತರಿಗೆ ದೊರೆಯಿತು.

ಕೋಲ್ಮನ್ನರು 1954ರಲ್ಲಿ ತೀರಿಕೊಂಡರು. ಮಳೆಯು ನಮ್ಮ ಕೈಯಲ್ಲಿಲ್ಲ. ಬೀಜವಾದರೋ ನಮ್ಮ ಕೈಯಲ್ಲಿದೆ. ಆದಕಾರಣ ಕೊಯ್ಲಿಗೆ ಮುಂಚೆ ಹೊಲದಲ್ಲಿ ಸುತ್ತಾಡಿ, ತುಂಬಿದ ತೆನೆಗಳನ್ನು ಬಿತ್ತನೆಗಾಗಿ ಬೇರೆಯಿಡುವುದು ಬಡ ಒಕ್ಕಲಿಗೂ ಸಾಧ್ಯವಾದ ಕೆಲಸವೆಂದು ತಿಳಿಯೋಣ.